ಪತ್ತೇದಾರಿ ಕಥೆಗಾರನೂ ರಾಜದಂಡವೂ

ಪತ್ತೇದಾರಿ ಕಾದಂಬರಿಯೆಂದೊಡನೆ ಮೂಗು ಮುರಿಯುವ ವಿದ್ವಾಂಸರು ನಮ್ಮಲ್ಲಿ ಅನೇಕರುಂಟು. ಅದು ಕೇವಲ ಕಾಲಹರಣದ ಸಾಧನವೆಂದು ಅವರ ಅಭಿಪ್ರಾಯ. ಅಂಥವರು ರಷ್ಯಾದೇಶದ ಬೋರಿಸ್ ಅಕೂನಿನ್ ಎಂಬ ಗ್ರಂಥಕರ್ತರ ವೃತ್ತಾಂತವನ್ನು ಒಮ್ಮೆ ಅವಲೋಕಿಸುವುದು ಲೇಸು.

ಅಕೂನಿನ್ ಎಂಬುದು ಬರೆಹಕ್ಕಾಗಿ ಇಟ್ಟುಕೊಂಡ ಹೆಸರು. ಜಪಾನೀ ಭಾಷೆಯಲ್ಲಿ ಅದಕ್ಕೆ ದುಷ್ಟನೆಂದು ಅರ್ಥ. ಇವರ ನಿಜನಾಮವು ಗ್ರಿಗೋರಿ ಚ್ಖಾರ್ತಿಶ್ವಿಲಿ. 1956ನೆಯ ಇಸವಿಯಲ್ಲಿ ಜಾರ್ಜಿಯಾದ ಜೆಸ್ತಾಫೋನಿಯಲ್ಲಿ ಜನಿಸಿ, ಶೈಶವದಲ್ಲಿಯೇ ಮಾಸ್ಕೋ ನಗರವನ್ನು ಸೇರಿದರು. ಜಪಾನೀ ಭಾಷೆಯಲ್ಲಿ ಪಾಂಡಿತ್ಯವನ್ನು ಸಂಪಾದಿಸಿ, ಮಿಶಿಮಾ ಮೊದಲಾದವರ ಕೃತಿಗಳನ್ನು ರಷ್ಯನ್ ಭಾಷೆಗೆ ತಂದರು. ಅನ್ಯದೇಶಗಳ ಸಾಹಿತ್ಯಕ್ಕೆ ಮೀಸಲಾದ ಪ್ರಸಿದ್ಧ ಮಾಸಪತ್ರಿಕೆಯೊಂದರ ಸಂಪಾದಕವರ್ಗದಲ್ಲಿಯೂ ದುಡಿದರು.

ಸೋವಿಯೆತ್ ಪ್ರಭುತ್ವವು 1991ರಲ್ಲಿ ಅಳಿದ ತರುವಾಯ, ಕೊಲೆ ಸುಲಿಗೆಗಳನ್ನೇ ಬಂಡವಾಳ ಮಾಡಿಕೊಂಡ ಒರಟು ಪುಸ್ತಕಗಳು ಅಲ್ಲಿಯ ಅಂಗಡಿಗಳಲ್ಲಿ ತುಂಬಿದ್ದುವು. ಸುಶಿಕ್ಷಿತರು ನಾಚದೆ ಓದಬಹುದಾದ ಪತ್ತೇದಾರಿ ಕಥೆಯು ವಿರಳವಾಗಿತ್ತು. 1998ರಲ್ಲಿ ಪ್ರಕಟವಾದ ‘ಅಜಾಜೆಲ್’ ಈ ಕೊರತೆಯನ್ನು ನೀಗಿತು. 1876ರ ಮಾಸ್ಕೋವಿನಲ್ಲಿ ಪೋಲೀಸ್ ಇಲಾಖೆಯ ಬಡ ಗುಮಾಸ್ತನಾದ ತರುಣ ಎರಾಸ್ತ್ ಫಾಂದೋರಿನನೇ ಇದರ ನಾಯಕ. ಈತನ ಸಾಹಸಗಳನ್ನು ಅಕೂನಿನ್ನರು ಸರಿಸುಮಾರು 20 ವರ್ಷ ಬರೆದರು. ಪುಸ್ತಕಗಳು ಲಕ್ಷಗಟ್ಟಲೆ ಮಾರಾಟವಾಗಿ, ಅನೇಕ ಭಾಷೆಗಳಿಗೆ ಪರಿವರ್ತನೆಗೊಂಡು, ಚಲಚ್ಚಿತ್ರಗಳೂ ಆದುವು.

ಇಷ್ಟು ಜನಾದರಕ್ಕೆ ಪಾತ್ರರಾದವರು ಸುಮ್ಮನಿದ್ದಿದ್ದರೆ ಸುಖವಾಗಿಯೇ ಇರುತ್ತಿದ್ದರು. ಆದರೆ 2012ರ ಮೇ ತಿಂಗಳಲ್ಲಿ, ತಮ್ಮ ಊರಿನ ಬೀದಿಯಲ್ಲಿ ಅಪ್ಪಣೆಯಿಲ್ಲದೆ ನಡೆಯುವ ಹಕ್ಕು ಪೌರರಿಗುಂಟೋ ಇಲ್ಲವೋ ಎಂಬುದನ್ನು ಪರೀಕ್ಷಿಸಲು, ಇವರೂ ಇತರ ಲೇಖಕರೂ ಪೂಷ್ಕಿನ್ ಕವಿಯ ಪ್ರತಿಮೆಯಿಂದ ಕಾಲ್ನಡೆಯಾಗಿ ಹೊರಟರು. ಸಾವಿರಾರು ಜನರು ಹಿಂಬಾಲಿಸಿದರು. 2014ರಲ್ಲಿ ಕ್ರಿಮಿಯಾವನ್ನು ರಷ್ಯಾ ಆಕ್ರಮಿಸಿದ ಬಳಿಕ ಇವರು ದೇಶವನ್ನು ತೊರೆದರು. 2022ರ ಉಕ್ರೇನ್ ಯುದ್ಧವನ್ನು ಬಹಿರಂಗವಾಗಿ ಖಂಡಿಸಿದರು. 2023ರ ದಶಂಬರದಲ್ಲಿ ಪ್ರಕಾಶಕರು ಇವರ ಪುಸ್ತಕಗಳ ಮುದ್ರಣವನ್ನೂ ಮಾರಾಟವನ್ನೂ ನಿಲ್ಲಿಸಿದರು. ಸರಕಾರವು ಇವರ ಹೆಸರನ್ನು ಭಯೋತ್ಪಾದಕರ ಪಟ್ಟಿಗೆ ಸೇರಿಸಿತು. 2025ರ ಜುಲೈಯಲ್ಲಿ ಮಾಸ್ಕೋದ ಸೈನಿಕ ನ್ಯಾಯಾಲಯವು, ಆಪಾದಿತರ ಗೈರುಹಾಜರಿಯಲ್ಲಿಯೇ, 14 ವರ್ಷಗಳ ಸೆರೆವಾಸವನ್ನು ವಿಧಿಸಿತು.

ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡರೆಂಬ ನಮ್ಮ ಗಾದೆಯು ಇಲ್ಲಿ ಎಷ್ಟು ಚೆನ್ನಾಗಿ ಒಪ್ಪುವುದೆಂಬುದನ್ನು ವಾಚಕರೇ ಬಲ್ಲರು. ಅಪಾರ ಸೈನ್ಯವುಳ್ಳ ಪ್ರಭುತ್ವವು ಒಬ್ಬ ಕಥೆಗಾರನಿಗೆ ಅಂಜುವುದೇಕೆ? ಆತನ ಮಾತನ್ನು ಜನರು ನಂಬುವರೆಂಬುದೇ ಅದರ ಕಾರಣವೆಂದು ನಾವು ಭಾವಿಸುತ್ತೇವೆ.

ಅಧಿಕಾರದಲ್ಲಿರುವ ನಮ್ಮ ವಾಚಕರು ಇನ್ನೊಂದು ಅಂಶವನ್ನು ಗಮನಿಸಬೇಕು. ಫಾಂದೋರಿನನು ರಾಜದ್ರೋಹಿಯಲ್ಲ, ನಿಷ್ಠಾವಂತ ನೌಕರ. ಆದರೂ 1999ರಲ್ಲಿ ಹೊರಬಂದ ಕಾದಂಬರಿಯೊಂದರಲ್ಲಿ, ಮೇಲಿನವರ ಕುತಂತ್ರವನ್ನು ಕಂಡು ಹೇಸಿ, ಕೈಗೆ ಬಂದ ಮಾಸ್ಕೋ ನಗರದ ಪೋಲೀಸ್ ಮುಖ್ಯಾಧಿಕಾರಿಯ ಪದವಿಯನ್ನು ಆತನು ನಿರಾಕರಿಸುತ್ತಾನೆ. ಕಲ್ಪಿತ ನಾಯಕನಿಗೆ ತಾನು ಕೊಟ್ಟ ಧರ್ಮವನ್ನು ಗ್ರಂಥಕರ್ತನು ತಾನೂ ಪಾಲಿಸಿದನು. ಬರೆದಂತೆ ಬಾಳುವವರು ಎಲ್ಲ ಕಾಲದಲ್ಲಿಯೂ ವಿರಳರೇ ಸರಿ.