ಚಾಲಕ ತಂತ್ರಾಂಶವನ್ನು ಬರೆಯುವವರು ಯಾರು?

ಗಣಕಯಂತ್ರದ ಬಿಡಿಭಾಗಗಳಿಗೂ ಬಳಕೆದಾರರು ತೆರೆಯುವ ತಂತ್ರಾಂಶಗಳಿಗೂ ನಡುವೆ ನಿಂತು, ಸ್ಮೃತಿಕೋಶವನ್ನು ಹಂಚುವ, ಕಡತಗಳನ್ನು ಕಾಯುವ, ಯಾವ ಕೆಲಸ ಮೊದಲು ಯಾವುದು ನಂತರ ಎಂಬುದನ್ನು ನಿರ್ಧರಿಸುವ ಮೂಲ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಂ, ಅಂದರೆ ಕಾರ್ಯಾಚರಣ ವ್ಯವಸ್ಥೆ. ವಿಂಡೋಸ್, ಮ್ಯಾಕ್‌ಓಎಸ್ ಮತ್ತು ಲಿನಕ್ಸ್‌ಗಳನ್ನು ಹೋಲಿಸುವಾಗ ಪರದೆಯ ಅಂದ, ವೇಗ, ಬೆಲೆಗಳ ಮಾತೇ ಹೆಚ್ಚಾಗಿ ಬರುತ್ತದೆ. ಆದರೆ ಕೊಂಡ ಯಂತ್ರ ಎಷ್ಟು ವರ್ಷ ಬಳಕೆಗೆ ಒದಗುತ್ತದೆ ಎಂಬುದು ಈ ಮೂರೂ ವ್ಯವಸ್ಥೆಗಳು ಯಂತ್ರಾಂಶದೊಡನೆ ಇಟ್ಟುಕೊಂಡಿರುವ ಸಂಬಂಧವನ್ನು ಬಹುಮಟ್ಟಿಗೆ ಅವಲಂಬಿಸಿದೆ.

ಈ ಹೊಂದಾಣಿಕೆಗೆ ಎರಡು ಪದರಗಳಿವೆ. ಮೊದಲನೆಯದು ಪ್ರೊಸೆಸರಿನದು: ಇಂಟೆಲ್ ಮತ್ತು ಎಎಂಡಿ ಸಂಸ್ಥೆಗಳ ಚಿಪ್‌ಗಳು ಅರ್ಥಮಾಡಿಕೊಳ್ಳುವ ಆಜ್ಞೆಗಳ ಸಮೂಹ ಒಂದಾದರೆ, ಮೊಬೈಲ್ ಫೋನುಗಳಲ್ಲಿ ಬಳಕೆಯಲ್ಲಿರುವ ಎಆರ್‌ಎಂ ಚಿಪ್‌ಗಳದು ಬೇರೆಯೇ ಆದದ್ದರಿಂದ, ಒಂದಕ್ಕಾಗಿ ಸಿದ್ಧಪಡಿಸಿದ ತಂತ್ರಾಂಶ ಇನ್ನೊಂದರಲ್ಲಿ ನೇರವಾಗಿ ನಡೆಯುವುದಿಲ್ಲ. ಎರಡನೆಯ ಪದರ ಮುದ್ರಕ, ಸ್ಕ್ಯಾನರ್, ವೈ-ಫೈ, ಧ್ವನಿ ಮುಂತಾದ ಸಾಧನಗಳದು. ಒಂದೊಂದು ಸಾಧನವೂ ತನ್ನದೇ ಭಾಷೆ ಆಡುವುದರಿಂದ ಅದಕ್ಕೂ ಆಪರೇಟಿಂಗ್ ಸಿಸ್ಟಂಗೂ ನಡುವೆ ದುಭಾಷಿಯಂತೆ ಕೆಲಸ ಮಾಡುವ ಡ್ರೈವರ್, ಅಂದರೆ ಚಾಲಕ ತಂತ್ರಾಂಶ, ಬೇಕಾಗುತ್ತದೆ. ಇದನ್ನು ಬರೆಯುವವರು ಯಾರು, ಅವರು ಕೈಬಿಟ್ಟ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು ಎಂಬಲ್ಲಿಯೇ ಮೂರು ವ್ಯವಸ್ಥೆಗಳ ದಾರಿ ಬೇರೆಯಾಗುತ್ತದೆ.

1981ರಲ್ಲಿ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರನ್ನು ಮಾರುಕಟ್ಟೆಯಲ್ಲಿ ಸಿಗುತ್ತಿದ್ದ ಬಿಡಿಭಾಗಗಳಿಂದಲೇ ಕಟ್ಟಿದ್ದರಿಂದ ಇತರ ತಯಾರಕರೂ ಅಂಥದೇ ಯಂತ್ರಗಳನ್ನು ಮಾಡತೊಡಗಿದರು, ಮೈಕ್ರೋಸಾಫ್ಟ್ ಅವರೆಲ್ಲರಿಗೂ ತನ್ನ ವ್ಯವಸ್ಥೆಯನ್ನು ಮಾರಿತು. ಅಂದಿನಿಂದ ಸಾಧನಗಳ ಚಾಲಕ ತಂತ್ರಾಂಶವನ್ನು ಬರೆಯುವ ಹೊಣೆ ಬಹುಪಾಲು ಆಯಾ ತಯಾರಕರದೇ ಆಗಿದೆ. ಅಂಗಡಿಯಲ್ಲಿ ಸಿಗುವ ಹೆಚ್ಚುಕಡಿಮೆ ಯಾವ ಸಾಧನವಾದರೂ ವಿಂಡೋಸ್‌ನಲ್ಲಿ ನಡೆಯುವುದಕ್ಕೆ ಇದೇ ಕಾರಣ. ಹಳೆಯ ಸಾಧನಗಳು ಅನಾಥವಾಗುವುದಕ್ಕೂ ಇದೇ ಕಾರಣ. 2007ರಲ್ಲಿ ಬಂದ ವಿಂಡೋಸ್ ವಿಸ್ತಾ ಗ್ರಾಫಿಕ್ಸ್ ಮತ್ತು ಧ್ವನಿ ಚಾಲಕಗಳ ರಚನೆಯನ್ನೇ ಬದಲಿಸಿದಾಗ, ಮಾರಾಟ ಮುಗಿದ ಸರಕಿಗೆ ಮತ್ತೆ ಚಾಲಕ ಬರೆಯಲು ಎಷ್ಟೋ ತಯಾರಕರು ಮನಸ್ಸು ಮಾಡಲಿಲ್ಲ, ಸುಸ್ಥಿತಿಯಲ್ಲಿದ್ದ ಸಾಧನಗಳು ಮೂಲೆ ಸೇರಿದವು.

ಆಪಲ್ ಯಂತ್ರವನ್ನೂ ಮ್ಯಾಕ್‌ಓಎಸ್ ವ್ಯವಸ್ಥೆಯನ್ನೂ ತಾನೇ ತಯಾರಿಸುವುದರಿಂದ ಅಲ್ಲಿ ಇಂಥ ತೊಡಕು ಕಡಿಮೆ. ಮೊಟೊರೊಲಾದ ಹಳೆಯ ಚಿಪ್‌ಗಳಿಂದ ಪವರ್‌ಪಿಸಿಗೆ 1994ರಲ್ಲಿ, ಅಲ್ಲಿಂದ ಇಂಟೆಲ್‌ಗೆ 2006ರಲ್ಲಿ, 2020ರಲ್ಲಿ ಎಆರ್‌ಎಂ ಆಧಾರಿತ ಸ್ವಂತ ಎಂ1 ಚಿಪ್‌ಗೆ, ಹೀಗೆ ಮೂರು ಬಾರಿ ಪ್ರೊಸೆಸರನ್ನೇ ಬದಲಿಸಿಯೂ ಅದು ಬಳಕೆದಾರರನ್ನು ಉಳಿಸಿಕೊಂಡಿತು. ಕೊನೆಯ ಎರಡು ಬದಲಾವಣೆಗಳಲ್ಲಿ ಹಳೆಯ ತಂತ್ರಾಂಶಗಳನ್ನು ಹೊಸ ಚಿಪ್ಪಿನ ಭಾಷೆಗೆ ಅನುವಾದಿಸುವ ರೊಸೆಟ್ಟಾ ನೆರವಾಯಿತು. ಆದರೆ ಯಂತ್ರದ ಆಯುಷ್ಯವೂ ಅದೇ ಸಂಸ್ಥೆಯ ಕೈಯಲ್ಲಿರುತ್ತದೆ.

1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಇಂಟೆಲ್ 386 ಪ್ರೊಸೆಸರಿದ್ದ ತನ್ನ ಯಂತ್ರಕ್ಕಾಗಿ ಬರೆಯಲಾರಂಭಿಸಿದ ಲಿನಕ್ಸ್‌ನಲ್ಲಿ ಬಹುಪಾಲು ಚಾಲಕಗಳು ಕರ್ನೆಲ್ ಎಂಬ ತಿರುಳಿನ ಆಕರ ಸಂಕೇತದೊಳಗೇ ಇರುತ್ತವೆ. ಒಳರಚನೆಯನ್ನು ಬದಲಿಸುವವರು ಅದನ್ನು ಬಳಸುವ ಚಾಲಕಗಳನ್ನೂ ತಿದ್ದಿಕೊಡಬೇಕೆಂಬುದು ಅಲ್ಲಿನ ರೂಢಿ. ತಯಾರಕ ಮರೆತ ಸಾಧನಕ್ಕೂ ಹೀಗೆ ಜೀವ ಉಳಿಯುತ್ತದೆ. ಪರರು ಮಾಡಿದ ವಸ್ತುವನ್ನು ಬಳಸಲು ಬರುವಂತೆ ಉಳಿಸುವ ಈ ಶ್ರಮಕ್ಕೆ ಸಲ್ಲಬೇಕಾದಷ್ಟು ಗೌರವ ಸಂದಿಲ್ಲ. ಹಾಗೆಂದು ಅಲ್ಲಿಯೂ ಎಲ್ಲವೂ ಚಿರಕಾಲ ಉಳಿಯುವುದಿಲ್ಲ: ಲಿನಕ್ಸ್ ಹುಟ್ಟಿದ 386 ಪ್ರೊಸೆಸರಿನ ಬೆಂಬಲವನ್ನೇ 2013ರ 3.8ನೇ ಆವೃತ್ತಿ ಕೈಬಿಟ್ಟಿತು. ವಿವರಗಳನ್ನು ಗುಟ್ಟಾಗಿಡುವ ತಯಾರಕರ ವೈ-ಫೈ ಚಿಪ್, ಬೆರಳಚ್ಚು ಓದುಗಗಳ ಮುಂದೆ ಲಿನಕ್ಸ್ ಇಂದಿಗೂ ತಡವರಿಸುತ್ತದೆ.

ಚಾಲಕಗಳ ಕೊರತೆಯಿಲ್ಲದೆಯೂ ಹೊಂದಾಣಿಕೆ ತಪ್ಪಬಹುದೆಂಬುದಕ್ಕೆ ವಿಂಡೋಸ್ 11 ಸಾಕ್ಷಿ. 2021ರಲ್ಲಿ ಬಿಡುಗಡೆಯಾದ ಅದು, ಗೂಢಲಿಪಿಯ ಕೀಲಿಗಳನ್ನು ಭದ್ರವಾಗಿಡುವ ಟಿಪಿಎಂ 2.0 ಎಂಬ ಘಟಕವನ್ನೂ ತಾನು ಅಂಗೀಕರಿಸಿದ ಪ್ರೊಸೆಸರನ್ನೂ ಕಡ್ಡಾಯ ಮಾಡಿದ್ದರಿಂದ, ಇಂಟೆಲ್‌ನ ಏಳನೆಯ ಮತ್ತು ಹಿಂದಿನ ಪೀಳಿಗೆಯ ಬಹುತೇಕ ಯಂತ್ರಗಳು ಹೊರಗುಳಿದವು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ಮುಗಿಯಿತು. ಸುರಕ್ಷತೆಯ ಕಾರಣ ನ್ಯಾಯವಾದುದೇ. ಆದರೆ ಲೆಕ್ಕಪತ್ರ, ಪಾಠ, ಪತ್ರವ್ಯವಹಾರಗಳಿಗೆ ಧಾರಾಳವಾಗಿ ಸಾಲುವ ಯಂತ್ರವನ್ನು ಒಂದು ನಿಯಮ ಹಳೆಯದಾಗಿಸುವುದು ಕಡಿಮೆ ನಷ್ಟವಲ್ಲ.

ಅಂಥ ಯಂತ್ರಗಳಿಗೆ ಲಿನಕ್ಸ್ ಹಾಕಬಹುದು, ಆದರೆ ಕನ್ನಡದ ಕೆಲಸಕ್ಕೆ ಬಳಸುವವರು ಒಂದು ಹೆಚ್ಚಿನ ಸಂಗತಿಯನ್ನು ಗಮನಿಸಬೇಕು. ಕರ್ನಾಟಕದ ಡಿ.ಟಿ.ಪಿ. ಕೇಂದ್ರಗಳು ನೆಚ್ಚಿಕೊಂಡ, ಕನ್ನಡ ಮೂಡಿಸುವ ನುಡಿ ತಂತ್ರಾಂಶ ಮತ್ತು ಪುಟವಿನ್ಯಾಸದ ಪೇಜ್‌ಮೇಕರ್ ಜೋಡಿ ವಿಂಡೋಸ್‌ಗೆ ಅಂಟಿಕೊಂಡದ್ದು. ಯೂನಿಕೋಡ್‌ಗಿಂತ ಹಿಂದಿನ ರೀತಿಯಲ್ಲಿ ಉಳಿಸಿದ ಕಡತಗಳು ಆಯಾ ಅಕ್ಷರಶೈಲಿ ಇಲ್ಲದ ಕಡೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುವುದರಿಂದ ಅವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದು ಲೇಸು. ನುಡಿಯಲ್ಲಿ ಬಳಸುವ ಕ.ಗ.ಪ. (ಕನ್ನಡ ಗಣಕ ಪರಿಷತ್ತು) ಕೀಲಿಮಣೆಯ ವಿನ್ಯಾಸ ಲಿನಕ್ಸ್‌ನಲ್ಲಿಯೂ ಲಭ್ಯವಿರುವುದರಿಂದ ಬೆರಳುಗಳ ಅಭ್ಯಾಸ ಬದಲಾಗಬೇಕಿಲ್ಲ. ಹಲವು ಲಿನಕ್ಸ್ ಆವೃತ್ತಿಗಳನ್ನು ಗಣಕದ ಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವ್‌ನಿಂದಲೇ ಚಾಲೂ ಮಾಡಬಹುದಾದ್ದರಿಂದ, ವೈ-ಫೈ ಹತ್ತುತ್ತದೆಯೇ, ಧ್ವನಿ ಬರುತ್ತದೆಯೇ, ಮುಚ್ಚಿ ತೆರೆದಾಗ ಲ್ಯಾಪ್‌ಟಾಪ್ ಎಚ್ಚರಗೊಳ್ಳುತ್ತದೆಯೇ, ಮನೆಯ ಮುದ್ರಕದಲ್ಲಿ ಒತ್ತಕ್ಷರಗಳಿರುವ ಒಂದು ಕನ್ನಡ ಪುಟ ಸರಿಯಾಗಿ ಮೂಡುತ್ತದೆಯೇ ಎಂಬುದನ್ನೆಲ್ಲ ಹಳೆಯ ವ್ಯವಸ್ಥೆಯನ್ನು ಅಳಿಸುವ ಮೊದಲೇ ಪರೀಕ್ಷಿಸಿಕೊಳ್ಳಲು ಸಾಧ್ಯವಿದೆ.