ನಿಮಗಿದು ಗೊತ್ತೆ? ಎಕ್ಸ್-ರೇ ಚಿತ್ರಕ್ಕೂ ಒಂದು ಬೇಲಿ ಇದೆ

ಎಕ್ಸ್-ರೇ ಕೋಣೆಯಲ್ಲಿ ಕೈಯನ್ನು ಫಲಕದ ಮೇಲಿಟ್ಟಾಗ ಅದರ ಮೇಲೊಂದು ಬೆಳಕಿನ ಚೌಕ, ನಡುವೆ ಕೂಡುಗೆರೆಯ ನೆರಳು ಬೀಳುವುದನ್ನು ನೋಡಿರುತ್ತೀರಿ. ಕಾಲಿಮೇಟರ್‌ನ ಸೀಸದ ತಟ್ಟೆಗಳು ಕಿರಣಗಳಿಗೆ ಹಾಕುವ ಬೇಲಿ ಅದು. ಡಿಜಿಟಲ್ ಯಂತ್ರದಲ್ಲಿ ಈ ಬೇಲಿ ಎಲ್ಲಿದೆ ಎಂಬುದನ್ನು ಸಾಫ್ಟ್‌ವೇರ್ ಕೂಡ ಪತ್ತೆಹಚ್ಚಬೇಕು. ಅದರೊಳಗಿನ ಬಿಂದುಗಳನ್ನಷ್ಟೇ ಲೆಕ್ಕಕ್ಕೆ ಹಿಡಿದು, 12 ಬಿಟ್ ಚಿತ್ರದ 4096 ಬೂದು ಛಾಯೆಗಳಲ್ಲಿ ಮೂಳೆಗೆಷ್ಟು, ಮಾಂಸಕ್ಕೆಷ್ಟು ಎಂದು ಅದು ಹಂಚುತ್ತದೆ.

ಅಂಚು ತಪ್ಪಿತೋ, ಹೊರಗೆ ಚದುರಿದ ಕಿರಣಗಳೂ ಲೆಕ್ಕಕ್ಕೆ ಸೇರುತ್ತವೆ. ಚಿತ್ರ ಮಂಕಾಗುತ್ತದೆ, ಇಲ್ಲವೇ ತೀರಾ ಕಪ್ಪೋ ಬಿಳುಪೋ ಆಗುತ್ತದೆ. ಮಣಿಕಟ್ಟಿನ ಕೂದಲೆಳೆಯಂಥ ಬಿರುಕು ಕಣ್ಣಿಗೇ ಬೀಳದೆ ಹೋಗಬಹುದು. ಫಲಕಕ್ಕೆ ಎಷ್ಟು ಕಿರಣ ತಲುಪಿತೆಂದು ಸೂಚಿಸುವ ಎಕ್ಸ್‌ಪೋಷರ್ ಇಂಡೆಕ್ಸ್ ಕೂಡ ತಪ್ಪು ತೋರಿಸುತ್ತದೆ.

ಮೂಳೆಗೆ ಬಿಗಿದ ಲೋಹದ ಪಟ್ಟಿಯ ನೇರ ಅಂಚನ್ನೇ ಸಾಫ್ಟ್‌ವೇರ್ ಬೇಲಿಯೆಂದು ಭ್ರಮಿಸುವುದುಂಟು. ಚೌಕ ಓರೆಯಾಗಿದ್ದರೂ ಎಡವುವುದುಂಟು. ಎಷ್ಟೋ ಯಂತ್ರಗಳಲ್ಲಿ ತಂತ್ರಜ್ಞರು ಅಂಚನ್ನು ಕೈಯಾರೆ ಗುರುತಿಸಿ ಅದೇ ಚಿತ್ರವನ್ನು ಮತ್ತೆ ಸಂಸ್ಕರಿಸಬಹುದು. ರೋಗಿಗೆ ಇನ್ನೊಮ್ಮೆ ಕಿರಣ ತಾಗಿಸಬೇಕಿಲ್ಲ, ಅದು ದೊಡ್ಡ ಸಮಾಧಾನ. ಆದರೆ ಅಗಲವಾಗಿ ತೆಗೆದು ಆಮೇಲೆ ಪರದೆಯಲ್ಲಿ ಕತ್ತರಿಸುವ ಅಭ್ಯಾಸ ಸಲ್ಲದು: ಆ ಹೆಚ್ಚುವರಿ ಕಿರಣ ಅಷ್ಟರಲ್ಲಾಗಲೇ ಮೈ ಸೇರಿರುತ್ತದೆ.