ನಿಮಗಿದು ಗೊತ್ತೆ? ಮೂಲೆ ತೆರವಾದರೆ ಜೀವ ಉಳಿಯುತ್ತದೆ

ನ್ಯೂಯಾರ್ಕಿನ ಎದುರು, ಹಡ್ಸನ್ ನದಿಯ ಆಚೆ ದಡದಲ್ಲಿರುವ ಹೋಬೋಕನ್ ಪಟ್ಟಣದಲ್ಲಿ 2017ರ ಜನವರಿಯ ನಂತರ ಏಳು ವರ್ಷಗಳ ಕಾಲ ರಸ್ತೆ ಅಪಘಾತಕ್ಕೆ ಒಬ್ಬರೂ ಬಲಿಯಾಗಲಿಲ್ಲ. ಸುಮಾರು 60,000 ಜನ ಒತ್ತೊತ್ತಾಗಿ ಬದುಕುವ ಊರದು. ಅಲ್ಲಿ ಮಾಡಿದ ಕೆಲಸಗಳಲ್ಲಿ ಮುಖ್ಯವಾದದ್ದು ತೀರಾ ಸರಳ: ರಸ್ತೆಗಳು ಕೂಡುವ ಮೂಲೆಗಳಲ್ಲಿ ವಾಹನ ನಿಲ್ಲದಂತೆ ನೋಡಿಕೊಂಡಿದ್ದು. ಮೂಲೆಯಲ್ಲಿ ಕಾರು ನಿಂತಿದ್ದರೆ ರಸ್ತೆ ದಾಟಲು ಬಂದ ಮಗು ಚಾಲಕನಿಗೆ ಕಾಣುವುದಿಲ್ಲ, ಬರುವ ವಾಹನ ಮಗುವಿಗೂ ಕಾಣುವುದಿಲ್ಲ. ಪಾದಚಾರಿಗಳು ದಾಟುವ ಪಟ್ಟೆಯಿಂದ 25 ಅಡಿಯೊಳಗೆ ವಾಹನ ನಿಲ್ಲಿಸಬಾರದೆಂಬ ಕಾನೂನು ಹೋಬೋಕನ್ ಇರುವ ರಾಜ್ಯದಲ್ಲಿದೆ. ಆದರೆ ಕಾನೂನು ಇದ್ದ ಮಾತ್ರಕ್ಕೆ ಮೂಲೆ ಖಾಲಿಯಾಗುವುದಿಲ್ಲ. ಅಲ್ಲಿ ಗೂಟ, ಸೈಕಲ್ ಸ್ಟ್ಯಾಂಡ್, ಗಿಡದ ಪಾತಿಗಳನ್ನು ಇಟ್ಟರೆ ಪೊಲೀಸರು ಕಾವಲು ನಿಲ್ಲದೆಯೂ ನಿಯಮ ಪಾಲನೆಯಾಗುತ್ತದೆ.

ಪಾರ್ಕಿಂಗ್ ಜಾಗ ಹೋಗುತ್ತದೆ ಎಂಬ ಆಕ್ಷೇಪ ನಿಜವೇ. ಆದರೆ ಹೋಗುವುದು ಮೂಲೆಗೆ ಒಂದೆರಡು ಕಾರಿನಷ್ಟು ಜಾಗ. ಸಣ್ಣ ಊರಿನ ಮಾತು ಮಹಾನಗರಕ್ಕೆ ಹೊಂದದು ಎನ್ನುವವರು ಆರೂವರೆ ಲಕ್ಷಕ್ಕೂ ಹೆಚ್ಚು ಜನರಿರುವ ಹೆಲ್ಸಿಂಕಿಯನ್ನು ನೋಡಬೇಕು. ಅರ್ಧಕ್ಕೂ ಹೆಚ್ಚು ಬೀದಿಗಳಲ್ಲಿ ವೇಗಮಿತಿ ಗಂಟೆಗೆ 30 ಕಿ.ಮೀ. ಇರುವ ಆ ನಗರದಲ್ಲಿ 2025ರ ಜುಲೈವರೆಗಿನ ಒಂದು ವರ್ಷ ರಸ್ತೆ ಅಪಘಾತದಲ್ಲಿ ಒಂದೂ ಸಾವು ಆಗಲಿಲ್ಲ. ಇನ್ನು, ಚಾಲಕರು ಸರಿಯಿದ್ದರೆ ಸಾಕು, ರಸ್ತೆಯದೇನು ತಪ್ಪು ಎಂಬ ವಾದ. ಮನುಷ್ಯ ತಪ್ಪುವವನೇ; ಆ ತಪ್ಪಿಗೆ ಸಾವು ಶಿಕ್ಷೆಯಾಗದಂತೆ ರಸ್ತೆ ಇರಬೇಕೆಂಬ ನೀತಿಯನ್ನು ಸ್ವೀಡನ್ ಸಂಸತ್ತು 1997ರಲ್ಲೇ ಒಪ್ಪಿಕೊಂಡಿತು. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಪಾಲಿಕೆಗಳು ಮೊದಲು ಶಾಲೆಗಳ ಬಳಿಯ ಮೂಲೆಗಳನ್ನಾದರೂ ತೆರವು ಮಾಡಲಿ.